ಗುಮ್ಮಟ ನೂಕಿತು, ಗೋಡೆ ಬಾಗಿತು: ಹಗಿಯಾ ಸೋಫಿಯಾದ ಆಸರೆ ಗೋಡೆಗಳ ಕಥೆ

ಚರ್ಚಾಗಿ ಹುಟ್ಟಿ ಈಗ ಮಸೀದಿಯಾಗಿರುವ ಇಸ್ತಾಂಬುಲ್‌ನ ಹಗಿಯಾ ಸೋಫಿಯಾದ ಒಳಗೆ ಹೋದವರು ಮೊದಲು ತಲೆಯೆತ್ತಿ ಗುಮ್ಮಟ ನೋಡುತ್ತಾರೆ. ಸುಮಾರು 31 ಮೀಟರ್ ಅಗಲ, ನೆಲದಿಂದ 55 ಮೀಟರ್ ಎತ್ತರ. ಬುಡದ ಸುತ್ತಲಿನ 40 ಕಿಟಕಿಗಳಿಂದ ಬೆಳಕು ಸುರಿಯುವಾಗ ಅದಕ್ಕೆ ತೂಕವೇ ಇಲ್ಲವೇನೋ ಅನಿಸುತ್ತದೆ. ಹೊರಗೆ ಬಂದು ಒಂದು ಸುತ್ತು ಹಾಕಿದರೆ ಆ ಭ್ರಮೆ ಹರಿಯುತ್ತದೆ. ಗೋಡೆಗಳಿಗೆ ಒತ್ತಿ ನಿಂತ ಭಾರಿ ಕಲ್ಲು-ಇಟ್ಟಿಗೆಯ ರಾಶಿಗಳು; ಒಂದರ ಹಾಗೆ ಇನ್ನೊಂದಿಲ್ಲ, ಚೆಂದದ ಗೊಡವೆಯಂತೂ ಯಾವುದಕ್ಕೂ ಇಲ್ಲ. ಎಂಜಿನಿಯರುಗಳು ಬಟ್ರೆಸ್ ಎನ್ನುವುದು ಇವನ್ನೇ. ಆಸರೆ ಗೋಡೆ ಎನ್ನೋಣ.

ಮೇಲಿನ ಭಾರ ನೇರವಾಗಿ ಕೆಳಗಿಳಿಯುವವರೆಗೆ ಗೋಡೆಗೆ ಚಿಂತೆಯಿಲ್ಲ. ಕಮಾನು ಮತ್ತು ಗುಮ್ಮಟಗಳ ಸ್ವಭಾವ ಬೇರೆ. ನುಣುಪು ನೆಲದ ಮೇಲೆ ಒರಗಿಸಿದ ಏಣಿಯನ್ನು ಹತ್ತಿದರೆ ಅದರ ಕಾಲು ಜಾರುತ್ತದಲ್ಲ, ಅಂಥದೇ ಅಡ್ಡ ನೂಕು ಅವುಗಳ ಬುಡದಲ್ಲಿ ಹುಟ್ಟುತ್ತದೆ. ಗುಮ್ಮಟ ಚಪ್ಪಟೆಯಾದಷ್ಟೂ ನೂಕು ಹೆಚ್ಚು. ಆಸರೆ ಗೋಡೆ ಈ ನೂಕಿಗೆ ಎದೆಯೊಡ್ಡಿ, ತನ್ನ ತೂಕವನ್ನೂ ಸೇರಿಸಿ, ಅದರ ದಿಕ್ಕನ್ನು ನೆಲದ ಕಡೆಗೆ ಬಾಗಿಸುತ್ತದೆ. ಅದು ದಪ್ಪಗೆ, ಭಾರವಾಗಿ, ಬುಡದಲ್ಲಿ ಅಗಲವಾಗಿ ಇರಬೇಕಾದದ್ದು ಇದಕ್ಕೇ.

ಇದನ್ನು ಕಟ್ಟಿಸಿದ ಬೈಜಾಂಟಿಯನ್ ಚಕ್ರವರ್ತಿ ಜಸ್ಟಿನಿಯನ್‌ಗೆ ಆತುರವಿತ್ತು. 532ರಲ್ಲಿ ಕೆಲಸ ಶುರುವಾಗಿ 537ರ ಡಿಸೆಂಬರ್‌ನಲ್ಲಿ ಮುಗಿಯಿತು. ಆರು ವರ್ಷವೂ ಹಿಡಿಯಲಿಲ್ಲ. ಅವನ ಶಿಲ್ಪಿಗಳಾದ ಆಂಥೆಮಿಯಸ್ ಮತ್ತು ಇಸಿಡೋರಸ್ ಪೂರ್ವ, ಪಶ್ಚಿಮಗಳಲ್ಲಿ ಅರೆಗುಮ್ಮಟಗಳನ್ನೇ ಆಸರೆಯಾಗಿ ನಿಲ್ಲಿಸಿದರು. ಉತ್ತರ, ದಕ್ಷಿಣಗಳಿಗೆ ಆ ಭಾಗ್ಯವಿರಲಿಲ್ಲ. ಅಲ್ಲಿ ಕಂಬಗಳಿಗೆ ಒತ್ತಾಗಿ ಆಸರೆ ಕಟ್ಟಿದರು. ಇಟ್ಟಿಗೆಗಳ ನಡುವೆ ದಪ್ಪನೆಯ ಗಾರೆ. ಅದು ಗಟ್ಟಿಯಾಗುವ ಮೊದಲೇ ಮೇಲೆ ಭಾರ ಏರಿತು. ಪೂರ್ವದ ಕಮಾನು ಮುಗಿಯುವ ಮುನ್ನವೇ ಅದರ ಕಂಬಗಳು ಬಿರಿಯತೊಡಗಿದವೆಂದು ಅದೇ ಕಾಲದ ಇತಿಹಾಸಕಾರ ಪ್ರೊಕೋಪಿಯಸ್ ಬರೆಯುತ್ತಾನೆ. ಕಮಾನನ್ನು ಪೂರ್ತಿ ಮಾಡಿ, ಆಮೇಲೆ ಅದು ತನ್ನನ್ನು ತಾನೇ ಹೊರುತ್ತದೆ ಎಂದು ಚಕ್ರವರ್ತಿಯೇ ಹೇಳಿದನಂತೆ. ಆಸ್ಥಾನದ ಲೇಖಣಿಯನ್ನು ಎಷ್ಟು ನಂಬುವುದೋ! ಮಾತೇನೋ ಅರ್ಧ ಸರಿ: ಪೂರ್ತಿಯಾದ ಕಮಾನು ನಿಲ್ಲುತ್ತದೆ, ಆದರೆ ನೂಕುವುದನ್ನು ಬಿಡುವುದಿಲ್ಲ.

ಭೂಕಂಪಗಳಿಂದ ಜರ್ಜರಿತವಾದ ಗುಮ್ಮಟ 558ರ ಮೇ ತಿಂಗಳಲ್ಲಿ ಕುಸಿಯಿತು. ಮತ್ತೆ ಕಟ್ಟಿದವನು ಇಸಿಡೋರಸ್‌ನ ಒಡಹುಟ್ಟಿದವರ ಮಗ, ಕಿರಿಯ ಇಸಿಡೋರಸ್. ನೂಕು ತಗ್ಗಲೆಂದು ಅವನು ಗುಮ್ಮಟವನ್ನು ಸುಮಾರು 6 ಮೀಟರ್ ಎತ್ತರಿಸಿದ. 989ರ ಭೂಕಂಪದಲ್ಲಿ ಪಶ್ಚಿಮ ಭಾಗ ಬಿತ್ತು. ಅರ್ಮೇನಿಯದ ಶಿಲ್ಪಿ ಟ್ರಡಾಟ್ ಅದನ್ನು ಸರಿಪಡಿಸಿದ.

1317ರಲ್ಲಿ ಚಕ್ರವರ್ತಿ ಎರಡನೆಯ ಆಂಡ್ರೊನಿಕೋಸ್ ತೀರಿಹೋದ ತನ್ನ ರಾಣಿಯ ಹಣದಿಂದ ಪೂರ್ವ, ಉತ್ತರ ಬದಿಗಳಿಗೆ ದೊಡ್ಡ ಆಸರೆಗಳನ್ನು ಕಟ್ಟಿಸಿದ. ಮೂವತ್ತು ವರ್ಷ ತುಂಬುವ ಮೊದಲೇ, 1346ರಲ್ಲಿ, ಪೂರ್ವದ ಕಮಾನೇ ಗುಮ್ಮಟದ ಒಂದು ಭಾಗದೊಂದಿಗೆ ಕುಸಿಯಿತು! ಆ ಆಸರೆಗಳೆಲ್ಲ ದಂಡವೆನ್ನಲಾಗದು. ಆದರೆ ತಡವಾಗಿ ಕಟ್ಟಿದ ಆಸರೆಗೆ ಒಂದು ಜನ್ಮದೋಷವಿದೆ. ಗೋಡೆ ಆಗಲೇ ಬಾಗಿರುತ್ತದೆ. ಇನ್ನಷ್ಟು ಬಾಗಿ ಬಂದು ಒತ್ತುವವರೆಗೆ ಹೊಸ ಆಸರೆ ಸುಮ್ಮನೆ ನಿಂತಿರುತ್ತದೆ. ಅಷ್ಟರಲ್ಲಿ ಅದರ ಅಡಿಪಾಯ ಬೇರೆಯಾಗಿಯೇ ಕುಗ್ಗಿ, ಗೋಡೆಯಿಂದ ಬಿಟ್ಟುಕೊಳ್ಳಲೂಬಹುದು. ಹಳೆಯ ಮನೆಯ ಬಾಗಿದ ಗೋಡೆಗೆ ಕಲ್ಲು ಒಟ್ಟಿದವರು ಎರಡು ಮಳೆಗಾಲದ ನಂತರ ನಡುವಿನ ಬಿರುಕು ನೋಡಿರುತ್ತಾರೆ.

ಒಟ್ಟೋಮನ್ನರ ಕಾಲದಲ್ಲಿ, 1573ರ ಸುಮಾರಿಗೆ, ಮಹಾಶಿಲ್ಪಿ ಸಿನಾನ್ ಕಟ್ಟಡವನ್ನು ಪರೀಕ್ಷಿಸಿದ. ಗೋಡೆಗಳಿಗೆ ಅಂಟಿಕೊಂಡಿದ್ದ ಮನೆಗಳನ್ನು ತೆಗೆಸಿ, ಹೊಸ ಆಸರೆಗಳನ್ನು ಸೇರಿಸಿದ.

ಹಾಗಾದರೆ ವಿಜಯಪುರದ ಗೋಲ ಗುಮ್ಮಟ ಇಂಥ ರಾಶಿಗಳಿಲ್ಲದೆ ಹೇಗೆ ನಿಂತಿದೆ? ಅಲ್ಲಿ ಗೋಡೆಗಳೇ ಸುಮಾರು 3 ಮೀಟರ್ ದಪ್ಪ. ಜೊತೆಗೆ ಒಂದನ್ನೊಂದು ಹಾಯುವ ಕಮಾನುಗಳ ಮೇಲಿನ ಭಾರ ಒಳಮುಖವಾಗಿ ಚಾಚಿಕೊಂಡಿದೆ. ಗುಮ್ಮಟ ಹೊರಗೆ ನೂಕಿದರೆ ಆ ಭಾರ ಒಳಗೆ ಎಳೆಯುತ್ತದೆ. ಆಸರೆ ಕಟ್ಟಡದ ಹೊಟ್ಟೆಯಲ್ಲೇ ಅಡಗಿದೆ.

1847ರಿಂದ 1849ರವರೆಗೆ ಹಗಿಯಾ ಸೋಫಿಯಾವನ್ನು ದುರಸ್ತಿ ಮಾಡಿದ ವಾಸ್ತುಶಿಲ್ಪಿಗಳಾದ ಫೊಸ್ಸಾಟಿ ಸಹೋದರರ ಕೈಯಲ್ಲಿ ಕಲ್ಲಿಗೆ ಇಲ್ಲದ ಗುಣದ ವಸ್ತುವೊಂದಿತ್ತು. ಎಳೆತ ತಾಳುವ ಕಬ್ಬಿಣದ ಸರಪಳಿಯನ್ನು ಅವರು ಗುಮ್ಮಟದ ಬುಡಕ್ಕೆ, ಪೀಪಾಯಿಗೆ ಪಟ್ಟಿ ಬಿಗಿದಂತೆ ಸುತ್ತಿದರು. ಸಿನಾನನ ಆಸರೆಗಳು ಇಂದಿಗೂ ಹೊರಗೆ ನಿಂತಿವೆ. ಹೆಚ್ಚಿನ ಪ್ರವಾಸಿಗರು ಅವುಗಳ ನೆರಳಿನಲ್ಲಿ ನಡೆದು ಒಳಗೆ ಹೋಗುತ್ತಾರೆ.