ಬಫರ್ ಹಾಕಿದರೆ ಪರದೆ ತುಂಬ ಒಂದೇ ಬಣ್ಣ, ಯಾಕೆ?

ಪ್ರಶ್ನೆ: ರಾಯಚೂರಿನ ಕಾಲೇಜೊಂದರಲ್ಲಿ ಪರಿಸರ ಎಂಜಿನಿಯರಿಂಗ್ ಪಾಠ ಮಾಡುತ್ತೇನೆ. ಕಸ ಸುರಿಯುವ ಜಾಗದಿಂದ 500 ಮೀಟರ್ ಒಳಗಿರುವ ಬೋರ್‌ವೆಲ್‌ಗಳನ್ನು ಕ್ಯೂಜಿಐಎಸ್ ಎಂಬ ನಕಾಶೆ ತಂತ್ರಾಂಶದಲ್ಲಿ ಬಫರ್ (ಬಿಂದುವಿನ ಸುತ್ತ ಇಷ್ಟು ದೂರ ಎಂದು ಎಳೆಯುವ ವೃತ್ತ) ಹಾಕಿ ಹುಡುಕಿ ಎಂದರೆ ಹುಡುಗರ ನಕಾಶೆಯೇ ಮುಚ್ಚಿಹೋಗುತ್ತದೆ. ಇದನ್ನು ಹೇಗೆ ಕಲಿಸಬೇಕು?

ಉತ್ತರ: ಅವರು ಹಾಕಿದ್ದು 500 ಮೀಟರ್ ಅಲ್ಲ, 500 ಡಿಗ್ರಿ. ಮೊಬೈಲ್ ಜಿಪಿಎಸ್ ಕೊಡುವ ಅಕ್ಷಾಂಶ, ರೇಖಾಂಶಗಳು ಇಪಿಎಸ್‌ಜಿ 4326 ಎಂಬ, ಡಿಗ್ರಿಯಲ್ಲಿ ಅಳೆಯುವ ನಿರ್ದೇಶಾಂಕ ಪದ್ಧತಿಗೆ ಸೇರಿದವು. ಅಲ್ಲಿ ಮೀಟರಿನ ಮಾತೇ ಇಲ್ಲ. ಭೂಮಿಯ ಪೂರ್ತಿ ಸುತ್ತೇ 360 ಡಿಗ್ರಿ! ಬಫರ್ ಕಿಟಕಿಯಲ್ಲಿ ದೂರದ ಪಕ್ಕ 'ಡಿಗ್ರೀಸ್' ಅಂತ ಹಳದಿ ತ್ರಿಕೋನದ ಸಮೇತ ಬರೆದೇ ಇರುತ್ತದೆ, ಯಾರೂ ಓದುವುದಿಲ್ಲ.

ಮೀಟರಿನಲ್ಲಿ ಅಳೆಯಲು ಯುಟಿಎಂ ಎಂಬ ಪದ್ಧತಿಯಿದೆ, ಅದು ಭೂಮಿಯನ್ನು 6 ಡಿಗ್ರಿ ಅಗಲದ ವಲಯಗಳಾಗಿ ಹಂಚುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಊರು ಅದರ 43ನೇ ವಲಯದಲ್ಲಿವೆ (ರೇಖಾಂಶ 72ರಿಂದ 78). ಪಕ್ಕದ ಕರ್ನೂಲು 78 ದಾಟಿರುವುದರಿಂದ 44ಕ್ಕೆ ಬೀಳುತ್ತದೆ. ಹಾಗಾಗಿ ವೆಕ್ಟರ್ ಮೆನುವಿನ ಡೇಟಾ ಮ್ಯಾನೇಜ್‌ಮೆಂಟ್ ಟೂಲ್ಸ್‌ನಲ್ಲಿ 'ರೀಪ್ರೊಜೆಕ್ಟ್ ಲೇಯರ್' ತೆರೆದು ಇಪಿಎಸ್‌ಜಿ 32643 (43ನೇ ವಲಯದ ಸಂಕೇತ) ಕೊಡಿಸಿ, ಬರುವ ಹೊಸ ಲೇಯರ್ (ಬಿಂದುಗಳ ಪದರ) ಮೇಲೆ ಬಫರ್ ಹಾಕಿಸಿ.

ಎಡವುವುದು ಇಲ್ಲೇ. ಅರ್ಧ ತರಗತಿ ಲೇಯರ್ ಮೇಲೆ ರೈಟ್ ಕ್ಲಿಕ್ ಮಾಡಿ 'ಸೆಟ್ ಲೇಯರ್ ಸಿಆರ್‌ಎಸ್' (ಸಿಆರ್‌ಎಸ್ ಎಂದರೆ ನಿರ್ದೇಶಾಂಕ ಪದ್ಧತಿ) ಒತ್ತಿಬಿಡುತ್ತದೆ. ಅದು ಹಣೆಪಟ್ಟಿ ಬದಲಿಸುತ್ತದೆಯೇ ಹೊರತು ಅಂಕಿಗಳನ್ನಲ್ಲ. 77.36 ಡಿಗ್ರಿ ಇದ್ದದ್ದು 77.36 ಮೀಟರ್ ಎನಿಸಿಕೊಂಡು, ರಾಯಚೂರಿನ ಬೋರ್‌ವೆಲ್ ಮಾಲ್ಡೀವ್ಸ್‌ನ ಪಶ್ಚಿಮಕ್ಕೆ ಭೂಮಧ್ಯರೇಖೆಯ ಬಳಿ ಸಮುದ್ರದಲ್ಲಿರುತ್ತದೆ. ಸರಿಯಾಗಿ ಬದಲಾಗಿದ್ದರೆ ಊರಿನ ಆಸುಪಾಸಿನ ಬಿಂದುಗಳ ಎಕ್ಸ್ (ಪೂರ್ವ-ಪಶ್ಚಿಮದ ಅಂಕಿ) ಸುಮಾರು ಏಳೂವರೆ ಲಕ್ಷ, ವೈ (ಉತ್ತರ-ದಕ್ಷಿಣದ ಅಂಕಿ) ಸುಮಾರು 17.9 ಲಕ್ಷ ಬರಬೇಕು. ಈ ಎರಡು ಅಂಕಿ ಬೋರ್ಡಿನ ಮೂಲೆಯಲ್ಲಿ ಸೆಮಿಸ್ಟರ್ ಪೂರ್ತಿ ಇರಲಿ.

ಬಿಂದುಗಳ ಪಟ್ಟಿಯಿರುವ ಸಿಎಸ್‌ವಿ ಕಡತ ಸೇರಿಸುವಾಗ ಎಕ್ಸ್‌ಗೆ ರೇಖಾಂಶ, ವೈಗೆ ಅಕ್ಷಾಂಶ. ತಿರುಗುಮುರುಗಾದರೆ ಬೋರ್‌ವೆಲ್ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳಲ್ಲಿ, ಹಿಮದಲ್ಲಿ! ಇಂಥ ತಪ್ಪು ಕಣ್ಣಿಗೆ ಹೊಡೆಯುವುದರಿಂದ ಚಿಂತೆಯಿಲ್ಲ. ಕಾಣದ ತಪ್ಪೇ ಅಪಾಯ: 16 ಡಿಗ್ರಿ 12 ನಿಮಿಷವನ್ನು (ಡಿಗ್ರಿಗೆ 60 ನಿಮಿಷ) 16.20 ಎನ್ನುವ ಬದಲು 16.12 ಎಂದು ಬರೆದರೆ ಬಿಂದು ಸುಮಾರು 9 ಕಿಲೋಮೀಟರ್ ದಕ್ಷಿಣಕ್ಕೆ ಸರಿದು ಇನ್ಯಾವುದೋ ಹೊಲದಲ್ಲಿ ಸುಮ್ಮನೆ ಕೂತಿರುತ್ತದೆ.

ಚುರುಕಿನ ಹುಡುಗರು 500 ಮೀಟರಿಗೆ ಬದಲು 0.0045 ಡಿಗ್ರಿ ಹಾಕಿ ಪಾರಾಗುತ್ತಾರೆ. ಬೈಯಬೇಡಿ, ಆ ಬಫರಿನ ಉದ್ದ ಅಗಲ ಅಳೆಯಲು ಹೇಳಿ. ರಾಯಚೂರಿನಲ್ಲಿ ಒಂದು ಡಿಗ್ರಿ ಉತ್ತರ-ದಕ್ಷಿಣವಾಗಿ ಸುಮಾರು 110.6 ಕಿಲೋಮೀಟರ್, ಪೂರ್ವ-ಪಶ್ಚಿಮವಾಗಿ ಸುಮಾರು 107. ವೃತ್ತ ಅಂದುಕೊಂಡದ್ದು ಮೊಟ್ಟೆಯಾಗಿರುತ್ತದೆ.

ನಮ್ಮ ಸಲಹೆ: ಎರಡು ಗಂಟೆಯ ಮೊದಲ ಲ್ಯಾಬ್‌ನಲ್ಲಿ ಬಣ್ಣ, ಲೆಜೆಂಡ್ ಏನೂ ಬೇಡ. ನೀರಿನಲ್ಲಿ ಫ್ಲೋರೈಡ್ ಎಲ್ಲೆಲ್ಲಿ ಎಷ್ಟು ಎಂದು ತೋರಿಸುವ ನಕಾಶೆಯ ಆಸೆಯೂ ಸದ್ಯಕ್ಕೆ ಬೇಡ. ಕ್ಯಾಂಪಸ್ಸಿನ ಹತ್ತು ನೀರಿನ ನಲ್ಲಿಗಳ ಸ್ಥಾನ ಮೊಬೈಲಿನಲ್ಲಿ ಬರೆದುಕೊಂಡು ಬರಲಿ, ಬಫರ್ ತಪ್ಪಾಗಲಿ, ಎರಡು ನಲ್ಲಿಗಳ ನಡುವಿನ ದೂರವನ್ನು ಟೇಪಿನಲ್ಲಿ ಅಳೆದು ಪರದೆಯ ಅಂಕಿಯ ಜೊತೆ ಹೋಲಿಸಲಿ. ನಲ್ಲಿಗಳು ತೀರ ಹತ್ತಿರ ಬೇಡ: ಮೊಬೈಲ್ ಜಿಪಿಎಸ್ ನಾಲ್ಕೈದು ಮೀಟರ್ ಆಚೀಚೆ ಹೇಳುತ್ತದೆ, ಕನಿಷ್ಠ 100 ಮೀಟರ್ ಅಂತರ ಇರಲಿ.