ಸಣ್ಣ ಫೋನಿನಲ್ಲಿ ದೊಡ್ಡ ‘ದುತ್’

ಇಂಡೊನೇಷ್ಯಾದ ಪೂರ್ವ ಜಾವಾದ ಗಾಯಕಿ ವಿಯಾ ವಾಲೆನ್ ಹಾಡಿದ ‘ಸಯಾಂಗ್’ ಯೂಟ್ಯೂಬಿನಲ್ಲಿ 10 ಕೋಟಿಗೂ ಜಾಸ್ತಿ ಸಲ ಓಡಿದೆ. ಮಾತು ಜಾವಾ ಭಾಷೆಯದು, ಧಾಟಿ ಜಪಾನಿನದು. ನನಗೆ ಒಂದು ಪದವೂ ಅರ್ಥವಾಗುವುದಿಲ್ಲ. ಆದರೂ ಕಾಲು ಸುಮ್ನಿರುವುದಿಲ್ಲ.

ಈ ಸಂಗೀತದ ಹೆಸರು ಡಂಗ್‌ದುತ್. ಹೆಸರು ಬಂದದ್ದೇ ಚರ್ಮವಾದ್ಯದ ಸದ್ದಿನಿಂದ. ನಮ್ಮ ಹಿಂದಿ ಸಿನಿಮಾ ಹಾಡುಗಳು ಇಂಡೊನೇಷ್ಯಾದ ಮಲಯ್ ಧಾಟಿಗಳ ಜೊತೆ ಬೆರೆತವು. 1970ರ ದಶಕದಲ್ಲಿ ಗಾಯಕ ರೋಮಾ ಇರಾಮಾ ಅದಕ್ಕೆ ರಾಕ್ ಗಿಟಾರ್ ಸೇರಿಸಿದರು. ಅಲ್ಲಿನ ಗೆಂಡಾಂಗ್ ಜೋಡಿ ನಮ್ಮ ತಬಲಾ-ಡಗ್ಗಾದ ನೆಂಟ. ‘ಡಂಗ್’ ಬರಿಯ ಪೆಟ್ಟು. ‘ದುತ್’ನಲ್ಲಿ ಕೈಚಳಕ ಇದೆ: ಬಾರಿಸಿದ ಕೂಡಲೇ ಅಂಗೈಯ ಬುಡದಿಂದ ಚರ್ಮವನ್ನು ಒತ್ತಬೇಕು. ಚರ್ಮ ಬಿಗಿಯಾಗುತ್ತದೆ, ಕಂಪನ ವೇಗವಾಗುತ್ತದೆ, ಸ್ವರ ಜಾರಿ ಮೇಲೇರುತ್ತದೆ. ಡಗ್ಗಾ ಕೇಳಿ ಬೆಳೆದ ಕಿವಿಗೆ ಇದು ತವರಿನ ಸದ್ದು, ಅಲ್ವಾ?

ಇದರ ವೇಗದ ರೂಪ ‘ಕೊಪ್ಲೊ’. ಯೂಟ್ಯೂಬಿಗೆ ಮುಂಚೆ ಇದು ಹರಡಿದ್ದು ವಿಸಿಡಿಗಳಲ್ಲಿ. ಗಾಯಕಿ ಇನುಲ್ ದರಾತಿಸ್ತಾರ ಕುಣಿತ 2003ರಲ್ಲಿ ದೇಶದಲ್ಲೆಲ್ಲ ಗದ್ದಲ ಎಬ್ಬಿಸುವ ಹೊತ್ತಿಗೆ ಆಗಲೇ ಕಳ್ಳ ಡಿಸ್ಕುಗಳಲ್ಲಿ ಊರೂರು ತಲುಪಿತ್ತು.

ಈಗ ಅದೇ ಹಾಡು-ಕುಣಿತ ಅಂಗೈಯಗಲದ ಫೋನಿನಲ್ಲಿದೆ. ಫೋನಿನ ಪುಟ್ಟ ಸ್ಪೀಕರಿಗೆ ಬೇಸ್ ಗಿಟಾರಿನ ತಗ್ಗಿನ ಸ್ವರ ಹೊರಡಿಸುವಷ್ಟು ಗಾಳಿ ತಳ್ಳಲು ಆಗುವುದಿಲ್ಲ. ಮತ್ತೆ ಅದು ಕೇಳಿಸುವುದು ಹೇಗೆ? ತಂತಿ ಸೆಕೆಂಡಿಗೆ 55 ಸಲ ಕಂಪಿಸಿದರೆ ಅದರ ಜೊತೆಗೇ 110, 165, 220, 275, 330ರ ಸ್ವರಗಳೂ ಹುಟ್ಟುತ್ತವೆ. ಸ್ಪೀಕರಿನಿಂದ ಚೆನ್ನಾಗಿ ಬರುವುದು ಮೇಲಿನವು ಮಾತ್ರ. ಆದರೆ ಅವುಗಳ ನಡುವಿನ ಅಂತರ ಎಲ್ಲೆಲ್ಲೂ 55. ಆ ಲೆಕ್ಕ ಹಿಡಿದು ನಮ್ಮ ಮಿದುಳು ಅಲ್ಲಿಲ್ಲದ 55ನ್ನು ತಾನೇ ಕೇಳಿಸಿಕೊಳ್ಳುತ್ತದೆ! ನನಗೆ ಇದು ಇವತ್ತಿಗೂ ಸೋಜಿಗ.

ಇಷ್ಟೊಂದು ಜನ ನೋಡಲು ಇದೊಂದೇ ಕಾರಣ ಅಂತಲ್ಲ. ಗಾಯಕಿಯ ಕಂಠ, ವಿರಹದ ಮಾತು, ತಮ್ಮೂರ ಭಾಷೆ, ಎಲ್ಲವೂ ಸೇರಿವೆ. ಭಾಷೆ ಬಾರದ ನನ್ನಂಥವರನ್ನು ಹಿಡಿದು ಕೂರಿಸುವುದು ಮಾತ್ರ ತಾಳವೇ. ಸುಮ್ನೆ ಕೂತು ತಾಳ ಕೇಳಿದರೂ ಮಿದುಳಿನಲ್ಲಿ ಕೈಕಾಲು ಆಡಿಸುವ ಭಾಗಗಳು ಚುರುಕಾಗುತ್ತವೆ.

ಕ್ಯಾಮೆರಾ ಹೆಚ್ಚಾಗಿ ಗಾಯಕಿಯ ಮೇಲೇ ಇರುತ್ತದೆ. ನಡುನಡುವೆ ಒಂದೆರಡು ಕ್ಷಣ ಗೆಂಡಾಂಗ್‌ನವನ ಕಡೆ ತಿರುಗುತ್ತದೆ. ಆಗ ಅವನ ಅಂಗೈಯ ಬುಡ ನೋಡಿ. ಅದು ಚರ್ಮವನ್ನು ಒತ್ತಿದ ಗಳಿಗೆಗೇ ‘ದುತ್’ ಮೇಲೇಳುತ್ತದೆ.