ಚೀಟಿ ಇಲ್ಲದೆ ನುಂಗಿದ ಮಾತ್ರೆ ಕರುಳಲ್ಲಿ ಮಾಡುವ ಕೆಲಸ

ಗಂಟಲು ನೋವು, ಸೋರುವ ಮೂಗು, ಮೈ ಬೆಚ್ಚಗೆ. ವೈದ್ಯರ ಚೀಟಿ ಇಲ್ಲದೆಯೇ ಔಷಧ ಅಂಗಡಿಯಿಂದ ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯಾಟಿಕ್‌ನ (ಬ್ಯಾಕ್ಟೀರಿಯಾ ವಿರುದ್ಧದ ಔಷಧ) ಮೂರು ಮಾತ್ರೆ ತಂದು ನುಂಗಿದರೆ ನಾಲ್ಕನೇ ದಿನಕ್ಕೆ ಆರಾಮ. ಮಾತ್ರೆಯಿಂದಲೇ ವಾಸಿಯಾಯಿತು ಎಂಬ ನಂಬಿಕೆ ಬೇರೂರುವುದು ಇಲ್ಲೇ. ನೆಗಡಿ, ಫ್ಲೂ ಮತ್ತು ಬಹುಪಾಲು ಗಂಟಲು ನೋವಿಗೆ ಕಾರಣ ವೈರಸ್. ಮಾತ್ರೆ ಮುಟ್ಟದಿದ್ದರೂ ಜ್ವರ ಅಷ್ಟೇ ದಿನಕ್ಕೆ ಇಳಿಯುತ್ತಿತ್ತು. ಪೆನಿಸಿಲಿನ್ ಗುಂಪಿನ ಔಷಧಗಳು ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಿಕೊಳ್ಳದಂತೆ ತಡೆಯುತ್ತವೆ. ಅಜಿತ್ರೋಮೈಸಿನ್ ಅದರ ರೈಬೋಸೋಮಿಗೆ ಅಂಟಿಕೊಂಡು ಪ್ರೋಟೀನ್ ತಯಾರಿಕೆ ನಿಲ್ಲಿಸುತ್ತದೆ. ವೈರಸ್ಸಿಗೆ ಕೋಶಭಿತ್ತಿಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ; ಹಾಗಾಗಿ ಈ ಔಷಧಗಳು ಅದಕ್ಕೆ ತಾಗುವುದಿಲ್ಲ. ಕಫ ಹಸಿರಾಗಿದೆ ಎಂದಮಾತ್ರಕ್ಕೆ ಬ್ಯಾಕ್ಟೀರಿಯಾ ಸೋಂಕು ಎನ್ನಲೂ ಬರುವುದಿಲ್ಲ. ಆ ಬಣ್ಣ ನಮ್ಮದೇ ಬಿಳಿ ರಕ್ತಕಣಗಳ ಕಿಣ್ವದ್ದು.

ಹಾಗಾದರೆ ಆ ಮಾತ್ರೆ ಎಲ್ಲಿ ಕೆಲಸ ಮಾಡಿತು? ರೋಗಕ್ಕೆ ಸಂಬಂಧವೇ ಇಲ್ಲದ ಕರುಳಿನಲ್ಲಿ, ಗಂಟಲಿನಲ್ಲಿ, ಚರ್ಮದ ಮೇಲೆ. ಅಲ್ಲಿ ತಮ್ಮ ಪಾಡಿಗೆ ಬದುಕಿಕೊಂಡಿದ್ದ ಬ್ಯಾಕ್ಟೀರಿಯಾಗಳಲ್ಲಿ ಮೆತ್ತಗಿನವು ಸಾಯುತ್ತವೆ, ಔಷಧ ತಾಳಿಕೊಂಡವಕ್ಕೆ ಜಾಗವೂ ಆಹಾರವೂ ಧಾರಾಳ ಸಿಗುತ್ತದೆ. ತಾಳಿಕೊಳ್ಳುವ ವಂಶವಾಹಿ ಎಷ್ಟೋ ವೇಳೆ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಉಂಗುರದಲ್ಲಿರುತ್ತದೆ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ಇನ್ನೊಂದು ಜಾತಿಗೂ ದಾಟಿಸಬಲ್ಲದು. ಕರುಳಿನ ಇ. ಕೋಲಿ ಎಂಬ ಬ್ಯಾಕ್ಟೀರಿಯಾ ಮುಂದೊಮ್ಮೆ ಮೂತ್ರನಾಳ ಸೇರಿ ಸೋಂಕು ತಂದಾಗ, ಔಷಧ ಅದಕ್ಕೆ ತಾಗದಿರುವುದು ಗೊತ್ತಾಗುತ್ತದೆ. ಅಜಿತ್ರೋಮೈಸಿನ್‌ನ ಅರ್ಧಾಯುಷ್ಯ, ಅಂದರೆ ಮೈಯಲ್ಲಿ ಅರ್ಧಕ್ಕಿಳಿಯಲು ಹಿಡಿಯುವ ಹೊತ್ತು, ಸುಮಾರು 68 ಗಂಟೆ. ನುಂಗುವುದು ನಿಲ್ಲಿಸಿದ ಮೇಲೂ ಅದು ಎಷ್ಟೋ ದಿನ ಕಡಿಮೆ ಪ್ರಮಾಣದಲ್ಲಿ ಮೈಯಲ್ಲಿ ಉಳಿದಿರುತ್ತದೆ.

ಈ ಕಡಿಮೆ ಪ್ರಮಾಣ ಏನು ಮಾಡುತ್ತದೆಂಬುದನ್ನು ಹಾರ್ವರ್ಡ್ ವೈದ್ಯಕೀಯ ಶಾಲೆಯ ಸಂಶೋಧಕರು 2016ರಲ್ಲಿ ಕಣ್ಣಿಗೆ ಕಾಣುವಂತೆ ತೋರಿಸಿದರು. ಎರಡು ಅಡಿ ಅಗಲ, ನಾಲ್ಕು ಅಡಿ ಉದ್ದದ ತಟ್ಟೆ. ಅದರ ತುಂಬ ಕಪ್ಪು ಬಣ್ಣ ಬೆರೆಸಿದ ಅಗರ್, ಬ್ಯಾಕ್ಟೀರಿಯಾ ಬೆಳೆಸಲು ಬಳಸುವ ಲೋಳೆ. ಎರಡೂ ತುದಿಯಲ್ಲಿ ಔಷಧವಿಲ್ಲ. ಔಷಧವಿರುವ ಮೊದಲ ಪಟ್ಟೆಯಿಂದ ಒಳಗೆ ಹೋದಂತೆ ಪ್ರತಿ ಪಟ್ಟೆಯಲ್ಲೂ ಹಿಂದಿನದಕ್ಕಿಂತ ಹತ್ತು ಪಟ್ಟು ಔಷಧ. ನಟ್ಟನಡುವೆ ಆ ಮೊದಲ ಪಟ್ಟೆಗಿಂತ ಸಾವಿರ ಪಟ್ಟು. ತುದಿಯಲ್ಲಿ ಬಿಟ್ಟ ಇ. ಕೋಲಿ ಬೆಳ್ಳಗೆ ಹರಡಿ ಮೊದಲ ಗಡಿಯಲ್ಲಿ ಗೆರೆ ಎಳೆದಂತೆ ನಿಂತಿತು. ಆಮೇಲೆ ಗಡಿಯ ಒಂದೆರಡು ಕಡೆ ಚುಕ್ಕೆಯಷ್ಟು ಬಿಳುಪು ಒಳಕ್ಕೆ ತೂರಿ, ಬೀಸಣಿಗೆಯಂತೆ ಬಿಚ್ಚಿಕೊಂಡಿತು. ಮುಂದಿನ ಗಡಿಯಲ್ಲೂ ಇದೇ ಕಥೆ. ಎರಡು ವಾರ ತುಂಬುವ ಮೊದಲೇ ಅದು ನಡುಪಟ್ಟೆ ತಲುಪಿತ್ತು. ನಡುವಿನ ಮೆಟ್ಟಿಲು ತೆಗೆದು ಏಕಾಏಕಿ ಹೆಚ್ಚು ಔಷಧ ಎದುರಿಟ್ಟಾಗ ಮಾತ್ರ ಅದಕ್ಕೆ ದಾಟಲಾಗಲಿಲ್ಲ. ಅಂದಾಜಿನಲ್ಲಿ ನುಂಗಿದ ಅರ್ಧಂಬರ್ಧ ಡೋಸು ಒದಗಿಸುವುದು ಇಂಥ ಮೆಟ್ಟಿಲನ್ನೇ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರ ನೊಬೆಲ್ ಉಪನ್ಯಾಸದಲ್ಲೇ ಈ ಎಚ್ಚರಿಕೆ ಕೊಟ್ಟಿದ್ದರು. 2019ರೊಂದೇ ವರ್ಷದಲ್ಲಿ ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಸೋಂಕುಗಳೇ ನೇರ ಕಾರಣವಾಗಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಅಂದಾಜು.

ಡೋಸಿನ ವಿಷಯದಲ್ಲಿ ಅಂದಾಜು ಏಕೆ ನಡೆಯುವುದಿಲ್ಲ? ಪೆನಿಸಿಲಿನ್ ಗುಂಪಿನ ಅಮಾಕ್ಸಿಸಿಲಿನ್ ಒಂದು ಗಂಟೆಯ ಆಸುಪಾಸಿನಲ್ಲೇ ರಕ್ತದಲ್ಲಿ ಅರ್ಧಕ್ಕಿಳಿಯುತ್ತದೆ. ಅದರ ಪರಿಣಾಮ ನಿಂತಿರುವುದು ಬೇಕಾದ ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ಇತ್ತು ಎಂಬುದರ ಮೇಲೆ. ಎಂಟು ಗಂಟೆಗೊಮ್ಮೆ ಎಂದು ಬರೆದದ್ದನ್ನು ದಿನಕ್ಕೊಂದಕ್ಕೆ ಇಳಿಸಿದರೆ ದಿನದ ಬಹುಭಾಗ ಬ್ಯಾಕ್ಟೀರಿಯಾಕ್ಕೆ ಬಿಡುವು. ಎಷ್ಟು ದಿನ ಎಂಬುದೂ ರೋಗದ ಮೇಲೆಯೇ ನಿಂತಿದೆ. ಚೇತರಿಸಿಕೊಳ್ಳುತ್ತಿರುವ ನ್ಯುಮೋನಿಯಾ ರೋಗಿಗೆ ಎಷ್ಟೋ ವೇಳೆ 5 ದಿನ ಸಾಕು, ಸಾಮಾನ್ಯ ಕ್ಷಯಕ್ಕೆ 6 ತಿಂಗಳು ಬೇಕು. ಅವಧಿ ಉದ್ದವಾದಷ್ಟೂ ಒಳ್ಳೆಯದು ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. ಹಾಗೆಂದು ಎಲ್ಲಿ ನಿಲ್ಲಿಸಬೇಕೆಂದು ರೋಗಿಯೇ ಊಹಿಸುವುದೂ ಸಲ್ಲದು. ಉಳಿದ ಮಾತ್ರೆಯನ್ನು ಮುಂದಿನ ಜ್ವರಕ್ಕೆಂದು ಎತ್ತಿಡುವುದಂತೂ ಬೇಡವೇ ಬೇಡ.

ಕ್ಷಯದ ಮಾತು ಬಂದದ್ದರಿಂದ ಹೇಳಲೇಬೇಕು. ವಾರಗಟ್ಟಲೆ ಬಿಡದ ಕೆಮ್ಮಿಗೆ ಪರೀಕ್ಷೆಯಿಲ್ಲದೆ ಲೀವೋಫ್ಲಾಕ್ಸಾಸಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ನುಂಗಿದರೆ ಕೆಮ್ಮು ಸ್ವಲ್ಪ ತಗ್ಗಬಹುದು, ಏಕೆಂದರೆ ಆ ಔಷಧ ಕ್ಷಯದ ಬ್ಯಾಕ್ಟೀರಿಯಾಕ್ಕೂ ತಾಗುತ್ತದೆ. ಆದರೆ ರೋಗ ವಾಸಿಯಾಗಿರುವುದಿಲ್ಲ. ಪತ್ತೆ ತಡವಾಗುತ್ತದೆ, ಅಷ್ಟರಲ್ಲಿ ಬ್ಯಾಕ್ಟೀರಿಯಾ ಆ ಔಷಧಕ್ಕೆ ಒಗ್ಗಿಕೊಳ್ಳಲೂಬಹುದು.

ವೈದ್ಯರು ದೂರ, ಖರ್ಚು ಭಾರ ಎಂಬ ಕಷ್ಟ ಸುಳ್ಳಲ್ಲ; ಹಾಗೆ ಮಾತ್ರೆ ಕೊಂಡವರನ್ನು ಬೈದು ಫಲವಿಲ್ಲ. ಉಸಿರಾಟಕ್ಕೆ ಕಷ್ಟ, ಮಂಕು ಕವಿಯುವುದು, ಮೂರು ದಿನ ದಾಟಿದ ಜ್ವರ ಇದ್ದರೆ ಇದ್ದ ಹಣ, ಸಮಯವನ್ನು ತಪಾಸಣೆಗೇ ಮೀಸಲಿಡಬೇಕು. ಮೂತ್ರದ ಕಲ್ಚರ್ ಪರೀಕ್ಷೆಯಾದರೆ (ಮೂತ್ರದಲ್ಲಿರುವ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾದರಿ ಕೊಡುವ ಮೊದಲು ಒಂದೇ ಒಂದು ಆ್ಯಂಟಿಬಯಾಟಿಕ್ ಮಾತ್ರೆಯನ್ನೂ ತಾವಾಗಿ ನುಂಗಬಾರದು, ನುಂಗಿದ್ದರೆ ಮುಚ್ಚಿಡದೆ ಹೇಳಬೇಕು. ಮೂತ್ರದಲ್ಲಿ ಔಷಧ ಬೆರೆತಿದ್ದರೆ ಬ್ಯಾಕ್ಟೀರಿಯಾ ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯದೆ ಹೋಗಬಹುದು. ಆಗ ವರದಿಯಲ್ಲಿ ಏನೂ ಬೆಳೆದಿಲ್ಲ ಎಂದು ಬರುತ್ತದೆ, ಉರಿಮೂತ್ರ ಹಾಗೇ ಇರುತ್ತದೆ, ಯಾವ ಔಷಧ ಹಿಡಿಯುತ್ತದೆ ಎಂದು ತಿಳಿಯುವ ದಾರಿಯೂ ಮುಚ್ಚಿರುತ್ತದೆ.